ತೊಟ್ಟಿಯ ಹಿಂದಿನ ಬದಿ

ಮೀನಿನ ತೊಟ್ಟಿಯ ಗಾಜಿನ ಮುಚ್ಚಳ ಒಡೆದದ್ದು ಸಖೂಬಾಯಿಯ ಕೈಯಿಂದ. ಆದರೆ ರಾಮಚಂದ್ರರಾಯರಿಗೆ ಸಿಟ್ಟು ಬಂದದ್ದು ಹೆಂಡತಿಯ ಮೇಲಲ್ಲ, ಸ್ಟೇಷನ್ ರಸ್ತೆಯಲ್ಲಿ ಬಣ್ಣದ ಮೀನು ಮಾರುವವನ ಮೇಲೆ. ಬರೀ ಮುಚ್ಚಳ ಸಿಗುವುದಿಲ್ಲ, ಬೇಕಾದರೆ ತೊಟ್ಟಿಯನ್ನೇ ಹೊಸದು ಒಯ್ಯಿರಿ ಎಂದ ಆ ಪುಣ್ಯಾತ್ಮ, ಮೊಬೈಲಿನಿಂದ ತಲೆ ಕೂಡ ಎತ್ತದೆ. ನೆಗಡಿ ಬಂತೆಂದು ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರೆಯೇ? ರಾಯರು ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ನಾಲ್ಕು ಮಾತು ಆಡಿ ಬಂದರು.

ಮನೆಯಲ್ಲಿದ್ದದ್ದು ಮೂರು ಮೀನು. ಮುಚ್ಚಳ ಹೋದ ವಾರದೊಳಗೇ ಎರಡು ಹೊರಗೆ ಹಾರಿ ಸತ್ತವು. ಬೆಳಿಗ್ಗೆ ಕಸ ಹೊಡೆಯುವಾಗ ಒಂದು ಸೋಫಾದ ಕೆಳಗೆ ಸಿಕ್ಕಿತು, ಇನ್ನೊಂದು ದೇವರ ಮನೆಯ ಹೊಸ್ತಿಲಲ್ಲಿ. ಉಳಿದ ಒಂದರ ಮೇಲೆ ಸಖೂಬಾಯಿ ಊಟದ ಮಣೆ ಮುಚ್ಚಿದ್ದಳು. ಆ ಕತ್ತಲಲ್ಲಿ ಅದು ಮಂಕಾಗಿ, ಹಾಕಿದ ಕಾಳು ಮುಟ್ಟದೆ ತಳದಲ್ಲಿ ಕೂತಿತ್ತು.

ಸೊಲ್ಲಾಪುರ ರಸ್ತೆಯಲ್ಲಿ ಗಾಜು ಕತ್ತರಿಸುವ ಲಾಡಲೇಸಾಬ ಮಾಡಿಕೊಡುತ್ತೇನೆಂದ. ಆದರೆ ತೊಟ್ಟಿ ತನ್ನಿ, ಇಲ್ಲವಾದರೆ ತಾನೇ ಮನೆಗೆ ಬರುತ್ತೇನೆ ಎಂದ. ರಾಯರಿಗೆ ಇದೊಂದು ಅವಮಾನ. ಮೂವತ್ತೆರಡು ವರ್ಷ ಸರ್ವೇಯರಾಗಿ ಹೊಲ ಅಳೆದವರು ಅವರು. ಅವರ ಅಳತೆಯ ಮೇಲೆ ಅಣ್ಣತಮ್ಮಂದಿರು ಪಾಲಾಗಿದ್ದಾರೆ, ಕೋರ್ಟುಗಳು ತೀರ್ಪು ಬರೆದಿವೆ. ಇಡೀ ನೌಕರಿಯಲ್ಲಿ ಅದು ತಪ್ಪೆಂದವಳು ಒಬ್ಬಳೇ, ಬಬಲೇಶ್ವರದ ಬೋರವ್ವ. ನಿವೃತ್ತಿಯ ಹಿಂದಿನ ವರ್ಷ, ನಾಲ್ಕೂ ಬದು ನಡೆದು ಅಳೆಯಿರಿ ಎಂದು ಆಕೆ ಹೊಲದಲ್ಲೇ ಅಡ್ಡ ನಿಂತಿದ್ದಳು. ಸರಕಾರದ ಸರಪಳಿ ಸುಳ್ಳು ಹೇಳುತ್ತದೇನು ಎಂದು ರಾಯರು ಗದರಿದ್ದರು. ಏಳು ವರ್ಷವಾದರೂ ಆ ಹೆಂಗಸಿನ ನೆನಪಾದರೆ ಅವರಿಗೆ ಈಗಲೂ ಮೈ ಉರಿಯುತ್ತಿತ್ತು.

ಅಂಥವರ ಅಳತೆಯನ್ನು ಗಾಜಿನವನೊಬ್ಬ ನಂಬುವುದಿಲ್ಲವೆಂದರೆ? ರಾಯರು ಮನೆಗೆ ಬಂದು ಟೇಪು ಹಿಡಿದು, ಚೀಟಿಯಲ್ಲಿ ಇಂಚು, ಇಂಚಿನ ಎಂಟನೆಯ ಪಾಲಾದ ಸೂತದವರೆಗೆ ಬರೆದು, ಕೆಳಗೆ ಸಹಿಯನ್ನೂ ಹಾಕಿ ಒಯ್ದುಕೊಟ್ಟರು.

ಮರುದಿನ ಬಂದ ಮುಚ್ಚಳ ಮುಂದೆ ಸರಿಯಾಗಿ ಕೂತಿತು, ಹಿಂದೆ ಕೂಡಲಿಲ್ಲ. ಒತ್ತಿದರೆ ಗಾಜು ಕರಕರ ಎಂದಿತು. ರಾಯರು ಅದನ್ನು ಕಂಕುಳಲ್ಲಿ ಇರುಕಿಕೊಂಡು ಸೊಲ್ಲಾಪುರ ರಸ್ತೆಗೆ ಹೋದವರೇ, ಗಿರಾಕಿಗಳೆದುರು ಲಾಡಲೇಸಾಬನ ಕಸುಬನ್ನೇ ಜಾಲಾಡಿದರು. ಲಾಡಲೇಸಾಬ ಮುಚ್ಚಳವನ್ನು ಅವರ ಕಣ್ಣೆದುರೇ ಅಳೆದು ತೋರಿಸಿದ. ಚೀಟಿಗೂ ಗಾಜಿಗೂ ಅರ್ಧ ಸೂತದ ಫರಕೂ ಇರಲಿಲ್ಲ. ಹಾಗಾದರೆ ತೊಟ್ಟಿಯೇ ಡೊಂಕು ಎಂದರು ರಾಯರು. ಕುಣಿಯಲಾರದವಳು ನೆಲ ಡೊಂಕೆಂದಳಂತೆ, ಆ ಮಾತು ಅಲ್ಲಿದ್ದವರೆಲ್ಲರ ಮುಖದ ಮೇಲಿತ್ತು.

ಲಾಡಲೇಸಾಬ ಅಂಗಡಿಯ ಬಾಗಿಲು ಎಳೆದು, ರಾಯರನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಮನೆಗೆ ಬಂದ. ಮಣೆ ತೆಗೆದು ತೊಟ್ಟಿಯ ಬಾಯಿಗೆ ಹಳೆಯ ಪೇಪರು ಹಾಸಿದ. ಹೆಬ್ಬೆರಳಿನಿಂದ ನಾಲ್ಕೂ ಅಂಚು ತೀಡಿ, ಬಿದ್ದ ಗೆರೆಯ ಮೇಲೆ ಕತ್ತರಿ ಆಡಿಸಿ, ಹಾಳೆಯನ್ನು ಮುಚ್ಚಳದ ಮೇಲಿಟ್ಟ. ಹಾಳೆಯ ಹಿಂದಿನ ಬದಿ ಗಾಜಿಗಿಂತ ಎರಡು ಸೂತ ಕಡಿಮೆ ಇತ್ತು.

"ಕೈಲೇ ಅಂಟಿಸಿದ ತೊಟ್ಟಿ ಚೌಕ ಇರಂಗಿಲ್ರಿ ಸಾಹೇಬ್ರ," ಎಂದ. "ಹಿಂದಿಂದು ಅಳದಿದ್ರೇನ್ರಿ?"

ರಾಯರು ಬಾಯಿ ತೆರೆಯುವ ಮೊದಲೇ ಸಖೂಬಾಯಿ ಹೇಳಿದಳು. "ಗ್ವಾಡಿ ಕಡೆ ಕೈ ಹೋಗಂಗಿಲ್ಲಂತ ಮುಂದಿನ ಲೆಕ್ಕಾನ ಬರಕೊಂಡ್ರು. ನಾ ನೋಡೀನಿ."

ಇಷ್ಟು ದಿನ ಊರ ಮೇಲೆ ಹರಿಹಾಯ್ದ ಸಿಟ್ಟಿಗೆ ಈಗ ಹೋಗಲು ಬೇರೆ ಜಾಗವಿರಲಿಲ್ಲ. ಅದು ತಿರುಗಿ ರಾಯರ ಎದೆಗೇ ಬಂತು. ಅಳೆಯಲು ಹೋದ ದಿನ ಬೋರವ್ವನ ಹೊಲದ ಹಿಂದಿನ ಬದುವಿನ ತುಂಬ ಜಾಲಿ ಬೆಳೆದಿತ್ತು. ಮಟಮಟ ಮಧ್ಯಾಹ್ನ, ಬಸ್ಸಿನ ಹೊತ್ತು. ಎದುರಿನ ಬದುವಿನ ಅಳತೆಯನ್ನೇ ಇದಕ್ಕೂ ಬರೆದು ಅವರು ಸರಪಳಿ ಸುತ್ತಿದ್ದರು. ಆ ನಕಾಶೆಯ ಪ್ರಕಾರ ಆಕೆಯ ಬೇವಿನಗಿಡ ಪಕ್ಕದವನಿಗೆ ಹೋಗಿತ್ತು. ಥೂ, ಆವತ್ತು ಆಕೆಗೆ ಏನೆಲ್ಲ ಅಂದುಬಿಟ್ಟೆ ಎಂದು ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

ಸಂಜೆಯೊಳಗೆ ಮುಚ್ಚಳ ಕೂತಿತು, ಮೀನು ಕಾಳಿಗೆ ಮೇಲೆ ಬಂತು. ಮರುದಿನ ಬೆಳಿಗ್ಗೆ ರಾಯರು ಟೇಪು ಚೀಲಕ್ಕೆ ಹಾಕಿಕೊಂಡು ಬಬಲೇಶ್ವರದ ಬಸ್ಸು ಹತ್ತಿದರು.

ಬೋರವ್ವ ಬಿಸಿಲಲ್ಲಿ ನೆಟ್ಟ ಗೂಟಕ್ಕೆ ಎಮ್ಮೆ ಕಟ್ಟುತ್ತಿದ್ದಳು. ನೆರಳು ಬೇಲಿಯ ಆಚೆ, ಬೇವಿನ ಬುಡದಲ್ಲಿತ್ತು. ಆಕೆ ರಾಯರಿಗೆ ಕೂಡಲು ಹೇಳಲಿಲ್ಲ, ನೀರು ಬೇಕೇ ಎಂದೂ ಕೇಳಲಿಲ್ಲ. ರಾಯರು ನಿಂತುಕೊಂಡೇ ಎಲ್ಲ ಹೇಳಿದರು, ಮೀನಿನ ಕಥೆಯನ್ನೂ ಬಿಡಲಿಲ್ಲ. ತನಗೀಗ ಅಧಿಕಾರವಿಲ್ಲ, ಆದರೆ ಹಿಂದಿನ ಬದು ಅಳೆಯದೇ ಬರೆದೆನೆಂದು ಕೈಯಾರೆ ಬರೆದುಕೊಡುತ್ತೇನೆ, ಅದನ್ನಿಟ್ಟು ಮರು ಅಳತೆಗೆ ಅರ್ಜಿ ಹಾಕು ಎಂದರು.

ಆಕೆ ಎಮ್ಮೆಯ ಹಗ್ಗ ಬಿಗಿದು, ಸೆರಗಿಗೆ ಕೈ ಒರೆಸಿಕೊಂಡಳು.

"ಒಂದು ಮೀನಿಗೆ ಎರಡ ದಿನದಾಗ ಅಳತಿ ತಿದ್ದೀರಿ," ಎಂದಳು. "ನಾ ಏಳು ವರ್ಷ ನಿಮ್ಮ ಕಣ್ಣಿಗೆ ಅಷ್ಟೂ ಕಾಣಲಿಲ್ಲೇನ್ರಿ?"

ರಾಯರು ಚೀಲದಿಂದ ಟೇಪು ತೆಗೆದು ಒಂದು ತುದಿಯನ್ನು ಆಕೆಯತ್ತ ಚಾಚಿದರು. ಬೋರವ್ವ ಅದನ್ನು ಹಿಡಿದುಕೊಂಡಳು. ರಾಯರು ಇನ್ನೊಂದು ತುದಿ ಹಿಡಿದು, ಧೋತರ ಮೇಲೆತ್ತಿ ಕಟ್ಟಿ, ಹಿಂದಿನ ಬದುವಿನ ಜಾಲಿಯೊಳಗೆ ಇಳಿದರು.