ವಗ್ದಿಯ ಕೈ ಸೋಕದ ದುಡ್ಡು

ಬಾಜಿ ಕಟ್ಟುವ ಖಾತೆಗೆ ಆನ್‌ಲೈನಿನಲ್ಲಿ ದುಡ್ಡು ತುಂಬಲು ಯಾವ ದಾರಿ ಒಳ್ಳೆಯದು ಎಂದು ಕೇಳಿಕೊಂಡು ಬಯೂಮಿಯ ಮೊಬೈಲ್ ಅಂಗಡಿಗೆ ದಿನಕ್ಕೆ ಹತ್ತು ಜನ ಬರುತ್ತಾರೆ. ಎಲ್ಲರೂ ಕೇಳುವುದು ಎರಡೇ ಮಾತು: ಕಮಿಷನ್ ಎಷ್ಟು, ಗೆದ್ದರೆ ದುಡ್ಡು ಎಷ್ಟು ದಿನಕ್ಕೆ ವಾಪಸ್ ಬರುತ್ತದೆ. ಸೋಫಾ ಹೊಲಿಯುವ ವಗ್ದಿ ಮಾತ್ರ ಬೇರೆಯದನ್ನೇ ಕೇಳಿದ.

"ದುಡ್ಡು ಕಳಿಸುವಾಗ ಒತ್ತೋ ಕೈ ಯಾರ್ದಾಗಿರುತ್ತೆ?"

ಬಯೂಮಿ ಚಹಾದ ಲೋಟ ಕೆಳಗಿಟ್ಟ. "ಉಸ್ತಾದ್, ಕೈಗೂ ಇದಕ್ಕೂ ಏನಯ್ಯಾ ಸಂಬಂಧ?"

ಸಂಬಂಧ ಇತ್ತು. ನಾಲ್ಕು ತಿಂಗಳ ಹಿಂದೆ ವಗ್ದಿ, ಹೆಂಡತಿ ಸಫಿನಾಜ್ ಮತ್ತು ಅವಳ ಅಣ್ಣನ ಎದುರು ಎದೆ ತಟ್ಟಿಕೊಂಡು ಆಣೆ ಹಾಕಿದ್ದ: "ಇನ್ನು ನನ್ನ ಕೈಯಿಂದ ಬಾಜಿಗೆ ಒಂದು ಕಾಸು ಹೋದ್ರೂ ತಲಾಕ್ ಬಿತ್ತು ಅಂತ್ಲೇ ತಿಳ್ಕೊಳ್ಳಿ!"

ಅಲೆಕ್ಸಾಂಡ್ರಿಯಾದ ಗಂಡಸರು ಮೀನಿಗೆ ಉಪ್ಪು ಉದುರಿಸುವಷ್ಟು ಸಲೀಸಾಗಿ ತಲಾಕಿನ ಆಣೆ ಉದುರಿಸುತ್ತಾರೆ. ಆದರೆ ವಗ್ದಿಗೆ ಇದು ಮೂರನೆಯದು. ಮೊದಲನೆಯದು ಇದೇ ಭಾವ ಊಟ ಮಾಡದೆ ಹೊರಟಾಗ: "ತಲಾಕಾಣೆ, ಉಣ್ಣದೆ ಹೊಸಿಲು ದಾಟಂಗಿಲ್ಲ!" ಭಾವನಿಗೆ ಕೈರೋ ರೈಲು ತಪ್ಪುವುದರಲ್ಲಿತ್ತು, ದಾಟಿಯೇ ಬಿಟ್ಟ. ಎರಡನೆಯದು, ತಂದ ಮೀನು ಆಗಷ್ಟೇ ದೋಣಿಯಿಂದ ಇಳಿದದ್ದು ಎಂಬುದಕ್ಕೆ. ಅದು ಮೂರು ದಿನದ ಮೀನು ಎಂದು ಬೆಕ್ಕು ಕೂಡ ಹೇಳುತ್ತಿತ್ತು. ಎರಡು ಸಲವೂ ಮಸೀದಿಯ ಶೇಖ್ ಮನ ಕರಗಿ, ಹತ್ತು ಮಂದಿ ಬಡವರಿಗೆ ಊಟ ಹಾಕು ಎಂದು ಬಿಡಿಸಿ ಕಳಿಸಿದ್ದರು. ಎರಡು ಸಲವೂ ಒಲೆಯ ಮುಂದೆ ಬೆಂದವಳು ಸಫಿನಾಜ್. "ಮೂರನೇದಕ್ಕೆ ನನ್ನ ಹತ್ರ ಬರಬೇಡ" ಎಂದಿದ್ದರು ಶೇಖ್. "ಅದು ಅನ್ನದಲ್ಲಿ ಮುಗಿಯೋದಲ್ಲ."

ಆಣೆ ಮುರಿಯುವ ಮನಸ್ಸು ವಗ್ದಿಗೆ ನಿಜವಾಗಿಯೂ ಇರಲಿಲ್ಲ. ಸಫಿನಾಜ್ ಇಲ್ಲದ ಮನೆಯನ್ನು ನೆನೆಯುವುದೂ ಅವನಿಗೆ ಬೇಡವಾಗಿತ್ತು. ಆದರೆ ಶುಕ್ರವಾರದ ಪಂದ್ಯಕ್ಕೆ ಬಾಜಿ ಕಟ್ಟದೆ ಬಿಡುವ ಮನಸ್ಸೂ ಇರಲಿಲ್ಲ. ಹೀಗೆ ಎರಡು ಮನಸ್ಸಿನವನು ಚಾಪೆಯ ಕೆಳಗೆ ತೂರಲಾಗದಿದ್ದರೆ ರಂಗೋಲಿಯ ಕೆಳಗೆ ತೂರುತ್ತಾನೆ.

ಬಯೂಮಿ ಒಂದೊಂದಾಗಿ ಹೇಳುತ್ತ ಹೋದ. "ಬ್ಯಾಂಕ್ ಕಾರ್ಡು?"

"ನಾನೇ ಒತ್ತಬೇಕಲ್ಲ."

"ಫೋನಿನ ವಾಲೆಟ್ಟು? ಅಯ್ಯೋ, ಅದೂ ಆಗಲ್ಲ. ನಿನ್ನ ಸಿಮ್ ಸಫಿನಾಜಮ್ಮನ ಹೆಸರಲ್ಲಿದೆ. ಹೋದ ತಿಂಗಳು ತಾನೆ ಇದೇ ಸ್ಟೂಲಿನ ಮೇಲೆ ಕೂತು ವಾಲೆಟ್ ಮಾಡಿಸ್ಕೊಂಡು ಹೋದ್ರು. ಕಾಸು ಅಲುಗಿದರೆ ಅವರಿಗೆ ಮೆಸೇಜು."

"ನೀನೇ ನಿನ್ನ ಮೆಷಿನ್ನಿಂದ ಹಾಕಿಬಿಡು. ಕೈ ನಿನ್ನದಾಗುತ್ತೆ."

"ಬೇಡಪ್ಪಾ! ಮನೆ ಮುರಿದವನು ಅಂತ ನನ್ನ ಹೆಂಡ್ತಿ ಒಲೆಗೆ ಹಾಕ್ತಾಳೆ." ಬಯೂಮಿ ಗಲ್ಲ ಕೆರೆದುಕೊಂಡ. "ಹೊರದೇಶದ್ದೊಂದು ಆ್ಯಪ್ ಇದೆ. ದುಡ್ಡು ಒಳಗೆ ಬಿದ್ದ ಕೂಡ್ಲೆ ತಾನೇ ಎತ್ತಿ ಬಾಜಿಯ ಖಾತೆಗೆ ಸುರಿಯುತ್ತೆ. ಸುರಿಯೋದು ಕ್ಷಣದಲ್ಲಿ, ವಾಪಸ್ ಕೊಡೋದು ಹತ್ತು ದಿನಕ್ಕೆ. ಕಮಿಷನ್ನೂ ಜಾಸ್ತಿ, ಮೊದ್ಲೇ ಹೇಳ್ತೀನಿ."

ವಗ್ದಿಗೆ ಕಮಿಷನ್ ಕೇಳಿಸಲೇ ಇಲ್ಲ. "ತಾನೇ ಸುರಿಯುತ್ತಾ? ಕುರ್ಚಿ ಹೊಲಿಸಿದ ಗಿರಾಕಿ ನೇರವಾಗಿ ಅದಕ್ಕೇ ಹಾಕಿದ್ರೆ?"

"ನೀನು ಕೈ ಕಟ್ಟಿ ಕೂತಿರಬಹುದು. ಖಾತೆ ಮಾತ್ರ ಯಾರದಾದ್ರೂ ಹೆಸರಲ್ಲಿ ಇರ್ಬೇಕು. ಗುರುತಿನ ಚೀಟಿ ಹಿಂದೆ ಮುಂದೆ ಫೋಟೊ, ಆಮೇಲೆ ಮುಖ."

ಖಾತೆ ತನ್ನ ಹೆಸರಿನಲ್ಲಿದ್ದರೆ ಕೈಯೂ ತನ್ನದೇ ಆದಂತೆ. ಅಷ್ಟು ಧರ್ಮಸೂಕ್ಷ್ಮ ವಗ್ದಿಗೆ ಗೊತ್ತಿತ್ತು. ಸಫಿನಾಜಳ ಹೆಸರಿನಲ್ಲಿದ್ದರೆ? ಗಿರಾಕಿಯ ದುಡ್ಡು, ಹೆಂಡತಿಯ ಖಾತೆ, ಹೊರದೇಶದವರ ಯಂತ್ರ. ಇದರಲ್ಲಿ ವಗ್ದಿ ಎಲ್ಲಿದ್ದಾನೆ? ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವಾಗ ಹೀಗೇ ಲೆಕ್ಕ ಹಾಕುತ್ತದೆ. ಅವನು ಅಲ್ಲೇ ಆ ಆ್ಯಪನ್ನು ಫೋನಿಗೆ ಹಾಕಿಸಿಕೊಂಡು ಮನೆಗೆ ಬಂದ.

ಮಧ್ಯಾಹ್ನದ ನಮಾಜು ಮುಗಿದಿತ್ತು. ಸಫಿನಾಜ್ ಬಾಲ್ಕನಿಯಲ್ಲಿ ಕೂತು ಮೊಲೊಖಿಯಾ ಸೊಪ್ಪು ಬಿಡಿಸುತ್ತಿದ್ದಳು. ವಗ್ದಿ ಒಳಕೋಣೆಗೆ ಹೋಗಿ ಅವಳ ಕೈಚೀಲದಿಂದ ಗುರುತಿನ ಚೀಟಿ ತೆಗೆದ. ಮುಂಭಾಗದ ಫೋಟೊ ಆಯಿತು. ತಿರುಗಿಸಿದ. ಹಿಂದೆ ಅಚ್ಚಾಗಿತ್ತು: ವಿವಾಹಿತೆ. ಅದರ ಕೆಳಗೆ ಗಂಡನ ಹೆಸರು: ವಗ್ದಿ ಮಹ್ರೂಸ್ ಅಬ್ದುಲ್ ಆತಿ.

ಇಲ್ಲಿ ಹೆಂಗಸರ ಚೀಟಿಯ ಮೇಲೆ ಗಂಡನ ಹೆಸರಿರುವುದು ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಆ ಹೆಸರನ್ನು ಎರಡು ಸಲ ಓದಿದ. ಆ ಮೀನಿನ ಆಣೆಯ ವಾರದಲ್ಲೇ ಅವಳು ಈ ಚೀಟಿ ನವೀಕರಿಸಲು ಹೋಗಿದ್ದಳು. ವೈವಾಹಿಕ ಸ್ಥಿತಿಯಲ್ಲಿ ಏನಾದರೂ ಬದಲಾವಣೆ ಇದೆಯೇ ಎಂದು ಗುಮಾಸ್ತ ಕೇಳಿದನಂತೆ. "ನನ್ನ ಗಂಡನ ಬಾಯಿ ಕೇಳಿದ್ರೆ ಇದೆ, ನನ್ನ ಕೇಳಿದ್ರೆ ಇಲ್ಲ ಅಂದೆ" ಎಂದು ಮನೆಗೆ ಬಂದು ನಕ್ಕಿದ್ದಳು. ಅವನೂ ನಕ್ಕಿದ್ದ. ಈಗ ನಗು ಬರಲಿಲ್ಲ. ಹೇಗೋ ಹಿಂಭಾಗದ ಫೋಟೊವನ್ನೂ ಹೊಡೆದ. ಇನ್ನು ಮುಖ ಒಂದೇ ಬಾಕಿ ಎಂದು ಫೋನು ಹೇಳಿತು.

ಅವನು ಬಾಲ್ಕನಿಗೆ ಬಂದು ಫೋನು ಎತ್ತಿ ಹಿಡಿದ. "ಸಫಿನಾಜ್, ಸ್ವಲ್ಪ ಇತ್ತ ನೋಡು."

"ಏನದು?"

"ಫೋಟೊ."

ಸಫಿನಾಜಳ ಕೈ ಸೊಪ್ಪಿನ ಮೇಲೆಯೇ ನಿಂತಿತು. "ನಂದಾ? ಮಗಳ ಮದುವೇಲೂ ನನ್ನ ಫೋಟೊ ತೆಗೆದವನಲ್ಲ ನೀನು. ಇವತ್ತು ಸೂರ್ಯ ಎಲ್ಲಿ ಹುಟ್ಟಿದ?" ಅಂದವಳೇ ಎದ್ದಳು. "ಇರು, ಈ ಅವತಾರದಲ್ಲಿ ಬೇಡ."

ಒಳಗೆ ನೀರಿನ ಸದ್ದಾಯಿತು. ಹೊರಬಂದಾಗ ಹಬ್ಬದ ನೀಲಿ ತಲೆವಸ್ತ್ರ ಕಟ್ಟಿದ್ದಳು, ಕಣ್ಣಿಗೆ ಕಾಡಿಗೆ ಇತ್ತು. ಐವತ್ತು ದಾಟಿದ ಹೆಂಗಸು ಹುಡುಗಿಯ ಹಾಗೆ ಬೆನ್ನು ನೇರ ಮಾಡಿ ಕುರ್ಚಿಯ ತುದಿಯಲ್ಲಿ ಕೂತಳು. ವಗ್ದಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಫೋನಿನ ಪರದೆಯ ದುಂಡನೆಯ ಚೌಕಟ್ಟಿನಲ್ಲಿ ಅವಳ ಮುಖ ಸರಿಯಾಗಿ ಬಂದು ಕೂತಿತು. ಅದು ಹಸಿರಾಯಿತು. ಕೆಳಗೆ ಅಕ್ಷರ ಮೂಡಿತು: ತಲೆಯನ್ನು ಎಡಕ್ಕೆ ತಿರುಗಿಸಿ.

ಅದನ್ನು ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಫೋನು ಟಣ್ ಎಂದಿತು, ಹೇಳಿದ್ದನ್ನು ಬೇಗ ಮಾಡದಿದ್ದರೆ ಅದು ಎಚ್ಚರಿಸುತ್ತದೆ. ಆ ಸದ್ದು ಕೇಳಿದ್ದೇ ಸಫಿನಾಜಳ ಮುಖದ ನಗು ನಿಧಾನವಾಗಿ ಇಳಿಯಿತು. ಅವಳು ಗಂಡನನ್ನೇ ನೋಡಿದಳು. ತಲೆಯನ್ನು ತಾನೇ ಎಡಕ್ಕೆ ತಿರುಗಿಸಿದಳು. ಆಮೇಲೆ ಬಲಕ್ಕೆ. ಆಮೇಲೆ ಎರಡು ಸಲ ಕಣ್ಣು ಮಿಟುಕಿಸಿದಳು.

"ಬಯೂಮಿ ಅಂಗಡೀಲಿ ವಾಲೆಟ್ ಮಾಡಿಸ್ವಾಗ್ಲೂ ನನ್ನ ಕೈಲಿ ಹೀಗೇ ಮಾಡಿಸಿದ್ರು" ಅಂದಳು. ದನಿ ಏರಲಿಲ್ಲ. "ಸರಿ ಬಂತಾ? ಇನ್ನೊಂದ್ಸಲ ತಿರುಗ್ಲಾ?"

ಪರದೆಯ ಮೇಲೆ ಹಸಿರು ಗುರುತು ಬಿದ್ದಿತ್ತು. ಸಫಿನಾಜಳ ಹೆಸರು, ಅವಳ ಮುಖ, ಎಲ್ಲ ತಾಳೆಯಾಗಿತ್ತು. ಕೆಳಗೆ ಎರಡು ಗುಂಡಿಗಳು: ಖಚಿತಪಡಿಸಿ, ರದ್ದುಮಾಡಿ. ಇಷ್ಟೆಲ್ಲ ಸುತ್ತಿ ಬಂದರೂ ಕೊನೆಗೆ ಒತ್ತಬೇಕಾದ ಕೈ ವಗ್ದಿಯದೇ ಆಗಿತ್ತು.

"ಕಾಡಿಗೆ ಹಚ್ಕೊಂಡ್ನಲ್ಲೋ" ಅಂದಳು ಸಫಿನಾಜ್, ಈ ಸಲ ಬಹಳ ಮೆತ್ತಗೆ. "ಅಷ್ಟಾದ್ರೂ ಮೊದ್ಲೇ ಹೇಳ್ಬೇಕಿತ್ತು."

ವಗ್ದಿ ರದ್ದು ಒತ್ತಿದ. ಆ ಆ್ಯಪನ್ನೇ ಅಳಿಸಿ ಹಾಕಿದ. ಅವನ ಕಣ್ಣು ತುಂಬಿ ಬಂದಿತ್ತು. ಅದನ್ನು ಮುಚ್ಚಿಕೊಳ್ಳಲೂ ಅವನು ಹೋಗಲಿಲ್ಲ.

"ತಲಾಕಾಣೆ, ಇನ್ನು..." ಎಂದು ಬಾಯಿ ತೆರೆದ.

"ಮುಚ್ಚು ಬಾಯಿ!"

ಮುಚ್ಚಿದ. ಫೋನಿನ ಕ್ಯಾಮೆರಾ ತೆರೆದು ಮತ್ತೆ ಎತ್ತಿ ಹಿಡಿದ. "ಇದು ಬರೀ ಫೋಟೊ. ನಗು ಸ್ವಲ್ಪ."

"ಈಗ ಬರಲ್ಲ" ಅಂದಳು ಸಫಿನಾಜ್, ಸೊಪ್ಪಿನ ತಟ್ಟೆ ತೊಡೆಯ ಮೇಲೆ ಎಳೆದುಕೊಳ್ಳುತ್ತ. "ಬಂದಾಗ ತೆಗಿ."

ವಗ್ದಿ ಎದುರಿನ ಸ್ಟೂಲಿನ ಮೇಲೆ ಕೂತ. ಸೊಪ್ಪು ಪೂರ್ತಿ ಬಿಡಿಸುವವರೆಗೂ ಅವನು ಫೋನು ಹಿಡಿದ ಕೈಯನ್ನು ಕೆಳಗಿಳಿಸಲಿಲ್ಲ.