ಮಲಗಿದ ವಿಮಾನ

ಬೀದಿಯವರೆಲ್ಲ ಕ್ಯಾಪ್ಟನ್ ಎಂದೇ ಕರೆಯುವ ಆ ಹಿರಿಯರು ಬದುಕಿಡೀ ವಿಮಾನ ಹಾರಿಸಿದ್ದರು, ಆದರೆ ಹತ್ತಿರದ ಊರುಗಳಿಗೆ ಮಾತ್ರ. ಕಡಲು ದಾಟುವ ಸರದಿ ಬರುವಷ್ಟರಲ್ಲಿ ಎದೆ ಕೈಕೊಟ್ಟು ಲೈಸೆನ್ಸು ಹೋಯಿತು. ಈಗ ಮೂಲೆಕೋಣೆಯ ಕಂಪ್ಯೂಟರಿನಲ್ಲಿ, ಸಿಮ್ಯುಲೇಟರಿನ ಹುಸಿ ಆಕಾಶದಲ್ಲಾದರೂ ಆ ಕಡಲನ್ನು ದಾಟಿಯೇ ತೀರುತ್ತೇನೆಂದು ಕೂತಿದ್ದರು. ಪ್ರತಿ ಸಲವೂ ನಡುಗಡಲಿನಲ್ಲಿ ಆಟ ಮುಗಿಯುತ್ತಿತ್ತು.

“ಮತ್ತೆ ಮಲಗಿತಮ್ಮಾ,” ಎಂದು ಸೊಸೆಗೆ ಹೇಳುವರು.

ಸೊಸೆ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಬಹಳ ಹೊತ್ತು ಯಾರೂ ಮುಟ್ಟದಿದ್ದರೆ ಯಂತ್ರ ತಾನಾಗಿ ನಿದ್ದೆಗೆ ಜಾರುತ್ತದೆಂದು ಅವಳಿಗೆ ಗೊತ್ತು. ಆ ನಿದ್ದೆ ಕೆಡಿಸಲು ಏನೇನು ಬದಲಿಸಬೇಕೋ ಎಲ್ಲ ಬದಲಿಸಿದಳು. ಆದರೂ ಮಲಗುತ್ತಲೇ ಇತ್ತು.

“ನಿಮ್ಮ ವಿಮಾನಕ್ಕೂ ನಿಮ್ಮ ಹಾಗೇ ಕೂತಲ್ಲೇ ತೂಕಡಿಕೆ,” ಎಂದು ಹೆಂಡತಿ ನಕ್ಕರು.

ಕ್ಯಾಪ್ಟನ್ ನಗಲಿಲ್ಲ. “ಇದನ್ನ ಯಾರಿಗಾದ್ರೂ ಕೊಟ್ಬಿಡಿ. ಸಮುದ್ರ ನನ್ನ ಹಣೇಲಿ ಬರೆದಿಲ್ಲ.”

ಸೊಸೆ ರಜೆಯ ದಿನ ಬೆಳಿಗ್ಗೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು. ಮಧ್ಯಾಹ್ನ, ಸುತ್ತ ನೀರಲ್ಲದೆ ಬೇರೇನೂ ಇಲ್ಲದಲ್ಲಿ, ವಿಮಾನವೂ ಕಡಲೂ ಕಣ್ಮರೆಯಾಗಿ ಪರದೆಯ ಹಿನ್ನೆಲೆಗೆ ಹಾಕಿದ್ದ ಮೊಮ್ಮಗಳ ಫೋಟೋ ಮಾತ್ರ ಉಳಿಯಿತು.

“ಮಾವ, ಇದು ಮಲಗಿದ್ದಲ್ಲ! ಕಂಪ್ಯೂಟರ್ ಎದ್ದೇ ಇದೆ. ಪ್ರೋಗ್ರಾಮು ಬಿದ್ದುಹೋಗಿದೆ.”

“ಗೊತ್ತಮ್ಮ,” ಕ್ಯಾಪ್ಟನ್ ತಲೆ ತಗ್ಗಿಸಿದರು. “ವಿಮಾನ ಹಾರಿಸೋನು ಬಾಯಲ್ಲಿ ಬೀಳೋ ಮಾತು ಆಡಬಾರದು. ಅದಕ್ಕೇ ಮಲಗಿತು ಅಂದೆ.”

ಅವಳ ಇಷ್ಟು ದಿನದ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತಾಗಿತ್ತು. ಬೈದರೆ ಬೈಯಲಿ ಎಂದು ಅವರು ಕಾದರು. ಅವಳು ಸೆರಗು ಬಾಯಿಗೊತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಮೊದಲಿನಿಂದ ಶುರುಮಾಡಿದಳು.

“ಇದರಲ್ಲಿರೋ ಬೇರೆ ಪ್ರೋಗ್ರಾಮೆಲ್ಲಾನೂ ಒಟ್ಟಿಗೆ ತೆಗೆದುಹಾಕು, ಪೀಡೆ ಹೋಗಲಿ,” ಎಂದರು ಕ್ಯಾಪ್ಟನ್.

“ಹಾಗೆ ಮಾಡಿದ್ರೆ ಕಳ್ಳ ಯಾರು ಅಂತ ಹೇಗೆ ಗೊತ್ತಾಗುತ್ತೆ ಮಾವ?”

ಒಂದು ಹಾರಾಟಕ್ಕೆ ಒಂದೇ ಬದಲಾವಣೆ. ಒಲೆಯ ಮೇಲಿನ ಹಾಲನ್ನು ಕಾಯುವಂತೆ ಕಂಪ್ಯೂಟರಿನ ಮೆಮೊರಿ ತುಂಬುತ್ತಾ ಏರುವುದನ್ನು ಕಾಯ್ದಳು. ಬೇಸರವಿಲ್ಲ, ಗೊಣಗಾಟವಿಲ್ಲ. ಇಷ್ಟು ತಾಳ್ಮೆ ಇವಳಿಗೆ ಎಲ್ಲಿಂದ ಬಂತೆಂದು ಕ್ಯಾಪ್ಟನ್ ಓರೆಗಣ್ಣಲ್ಲಿ ನೋಡುವರು. ಕೊನೆಗೆ ಸಿಕ್ಕಿತು. ಅವರು ಪರದೆಯ ಮೂಲೆಯಲ್ಲಿ ಸದಾ ತೆರೆದಿಡುತ್ತಿದ್ದ ಹವಾಮಾನದ ನಕ್ಷೆ, ಹೊಸತಾದಾಗಲೆಲ್ಲ ಹಳೆಯದನ್ನು ಬಿಡದೆ ಹಿಡಿದುಕೊಂಡು, ಮೆಮೊರಿ ತುಂಬಿ ತುಳುಕುವ ಹಾಗೆ ಮಾಡಿ ಪ್ರೋಗ್ರಾಮನ್ನು ಬೀಳಿಸುತ್ತಿತ್ತು.

“ಅದನ್ನ ಮುಚ್ಚಿಬಿಡಿ ಮಾವ.”

“ಹವಾಮಾನ ನೋಡದೆ ಹಾರೋದಾ? ಕಣ್ಣು ಕಟ್ಕೊಂಡು ರಸ್ತೆ ದಾಟು ಅಂದ ಹಾಗಾಯ್ತು!”

ಅವಳು ಮುಂದಿನ ಹಾರಾಟಕ್ಕೆ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಮುಚ್ಚಿ, ತನ್ನ ಫೋನಿನಲ್ಲಿ ತೆರೆದು ಬಲಗಡೆ ಕೂತಳು.

“ಮುಂದೆ ಮೋಡ ದಟ್ಟವಾಗಿದೆ ಮಾವ. ಎಡಕ್ಕೆ ಹೋದ್ರೆ ದಾರಿ ಇದೆ.”

ಎಷ್ಟೋ ಮಂದಿ ಸಹಪೈಲಟ್‌ಗಳು ಅವರ ಬಲಗಡೆ ಕೂತಿದ್ದರು. ಇಷ್ಟು ನಿಚ್ಚಳವಾಗಿ, ಆತುರವಿಲ್ಲದೆ ಆಕಾಶವನ್ನು ಓದಿ ಹೇಳಿದವರು ಕಡಿಮೆ. ಕ್ಯಾಪ್ಟನ್ ವಿಮಾನವನ್ನು ಎಡಕ್ಕೆ ತಿರುಗಿಸಿದರು. ನಡುಗಡಲು ದಾಟಿತು. ದಡದ ಗೆರೆ ಮೂಡಿತು, ದೀಪಗಳು ಬಂದವು, ಚಕ್ರ ನೆಲ ಮುಟ್ಟಿತು.

“ಇಳಿದ್ರಾ? ಊಟಕ್ಕೆ ಏಳಿ,” ಎಂದು ಅಡುಗೆಮನೆಯಿಂದ ಕೂಗು ಬಂತು.

“ನೀನು ಹೋಗಮ್ಮ. ಕ್ಯಾಪ್ಟನ್ ಕೊನೆಗೆ ಇಳೀಬೇಕು.”

“ನೀವು ಎಂಜಿನ್ ಆರಿಸೋವರೆಗೂ ನಾನು ಏಳೋ ಹಾಗಿಲ್ಲ ಮಾವ.”

ಕ್ಯಾಪ್ಟನ್ ಎಂಜಿನ್ ಆರಿಸಲು ಅವಸರಪಡಲಿಲ್ಲ.