ಚೀನಾದ ಹಲಗೆಯಲ್ಲಿ ಎರ್ಮಾಳು

ಗೇರುಸಿಪ್ಪೆಯ ಎಣ್ಣೆ, ಎಸಿ ಹಾಕಿದ ಕೋಣೆಯಲ್ಲಿ ಬರಬಾರದ ವಾಸನೆ, ಗಂಟಲಲ್ಲಿ ಕೂತು ಕೆರೆಯುತ್ತದೆ, ಯಶ್ವಂತ್ ಎಸಿಯ ಗಾಳಿ ಏರಿಸಿದ, ಕಿಟ್ಟಮಾವ ದೋಣಿಗೆ ಬಳಿಯುವ ಎಣ್ಣೆಯ ಡಬ್ಬಿಯನ್ನು ಮ್ಯಾನೇಜರರ ಗಾಜಿನ ಮೇಜಿನ ಮೇಲೆಯೇ ಇಟ್ಟಿದ್ದಾರೆ, ಇಡಲಿ, ಕಲೆ ಬೀಳಲಿ – ಬಂದರಿಗೆ ಕ್ರೇನ್ ಕೊಟ್ಟ ಚೀನಾದ ಕಂಪನಿಯ ಉಡುಗೊರೆ ಗೋಡೆಗೆ ಒರಗಿಸಿದ ಈ ಹಲಗೆ, ಎಂಟಡಿ ಉದ್ದ, ಮೂಲೆಯಲ್ಲಿ ೨೦೦೮, ಯಾವುದೋ ಮರದ ಸೊನೆಯನ್ನು ಪದರ ಪದರ ಬಳಿದು ತಿಕ್ಕಿ ಮಾಡುವ ಕಪ್ಪು ಬಣ್ಣವಂತೆ, ಅದರ ಮೇಲೆ ಚಿನ್ನದ ಪುಡಿಯಲ್ಲಿ ಇನ್ನೂ ಕಟ್ಟಿ ಮುಗಿಯದ ಕಲ್ಲಿದ್ದಲು ಬಂದರು, ಬೆರಳುದ್ದದ ಕೆಲಸಗಾರರು, ಕೆಂಪು ಹೆಲ್ಮೆಟ್ಟು, ಎಲ್ಲರೂ ನಗುತ್ತಿದ್ದಾರೆ, ಯಾಕೆ ನಗುತ್ತವೆ ದರಿದ್ರಗಳು, ಪೆಟ್ಟಿಗೆ ಬಿಚ್ಚುವಾಗ ಮೂಲೆಯ ಚಕ್ಕೆ ಎದ್ದಿತು, ನಾಳೆ ಅನಾವರಣ, ನಿಮ್ಮ ಮಾವ ದೋಣಿಗೆ ಕಪ್ಪು ಬಳಿಯುವವರಲ್ವಾ ಯಶ್ವಂತ್, ಕರೆಸಿ, ಒಂದು ಕೈ ಎಳೆದುಬಿಡಲಿ, ಎಂದಿದ್ದರು ಮ್ಯಾನೇಜರರು. ಹೂಂ ಎಂದು ಕರೆಸಿದ, ಬೇಡವೆನ್ನಲು ಎಂದು ಬಂದಿದೆ ಈ ಬಾಯಿ.

ಇದೂ ಗೇರಿನ ಜಾತಿಯದ್ದೇ ಮಾರಾಯ, ಮಾಡಿದವನ ಕೈಯೂ ನನ್ನದರ ಹಾಗೆ ಚೆನ್ನಾಗಿ ಸುಲಿದಿರ್ತದೆ ನೋಡು, ಮಾವ ಬಗ್ಗಿ ಮೂಸಿ ನಗುತ್ತಾರೆ, ಈ ನಗುವೇ ಸಹಿಸಲಾಗದ್ದು, ನಂಬಿದವರ ನಗು – ಹೋದ ವರ್ಷವೂ ಹೀಗೆಯೇ ನಕ್ಕಿದ್ದರು, ಬಂದರಿಗೆ ಜಾಗ ಕೊಡುವ ಒಪ್ಪಿಗೆ ಪತ್ರ ಹಿಡಿದು ಇವನು ಎರ್ಮಾಳಿನ ಅಂಗಳದಲ್ಲಿ ನಿಂತಾಗ, ಅಮ್ಮನ ಕುಟುಂಬದ ಜಾಗ, ಯಜಮಾನ ಮಾವ, ಅವರು ಹಾಕದೆ ಯಾರ ಸಹಿಯೂ ನಿಲ್ಲದು, ದಡಕ್ಕೆ ದೋಣಿ ಎಳೆಯುವ ಜಾಗ ಈ ನಕ್ಷೆಯಲ್ಲಿ ಉಂಟಲ್ಲ ಮಗಾ, ಉಂಟು ಮಾವ, ಅದನ್ನು ಮುಟ್ಟುವುದಿಲ್ಲ, ನೀನು ಓದಿದವ, ನೀನು ಉಂಟು ಅಂದರೆ ಉಂಟು, ಎಂದು ಸಹಿ ಹಾಕಿದ್ದರು. ಊರಿಗೆ ತೋರಿಸಿದ ನಕ್ಷೆಯಲ್ಲಿ ಇತ್ತು, ಆಫೀಸಿನ ನಕ್ಷೆಯಲ್ಲಿ ಇರಲಿಲ್ಲ, ಇವನಿಗೆ ಅಂದೇ ಗೊತ್ತಿತ್ತು, ಚಿತ್ರ ಬರೆಯಲೆಂದು ಚೀನಾಕ್ಕೆ ಆಫೀಸಿನದ್ದನ್ನೇ ಕಳಿಸಿದವನೂ ಇವನೇ, ಯಾವುದಾದರೇನು, ನೋಡುವವರಾರು, ನಕ್ಷೆ ಓದಲು ಬಾರದ ಮುದುಕನೇ.

ಚಕ್ಕೆ ಮುಚ್ಚಿಯಾಯಿತಲ್ಲ, ಹೊರಡಿ ಮಾವ, ತಡಿ ಮಗಾ, ಇದು ಕಡಲಿನಿಂದ ನೋಡಿದ ಹಾಗೆ ಉಂಟು ಅಲ್ವಾ – ಹೌದು, ಕಡಲಿನಿಂದ, ನಲವತ್ತು ವರ್ಷ ಆ ಕಡೆಯಿಂದಲೇ ದಡ ಓದಿದ ಮನುಷ್ಯ, ಮೀನಿನ ಜಾಗ ಹಿಡಿಯುವುದೇ ದಡದ ಗುರುತಿನಿಂದ, ದೀಪಸ್ತಂಭದಿಂದ ಎಷ್ಟು ಬೆರಳು ತೆಂಕಕ್ಕೆ ಎಂದು ಹೆಬ್ಬೆರಳು ಎತ್ತಿ ಅಳೆಯುವವರು, ಓದಿದವನಿಗೆ ಅದು ಹೊಳೆಯಲೇ ಇಲ್ಲ, ಥೂ – ಎಣ್ಣೆ ಮೆತ್ತಿದ ಹೆಬ್ಬೆರಳು ದೀಪಸ್ತಂಭದ ಮೇಲೆ, ಇದು ಕಾಪು, ಬೆರಳು ಸರಿಯಿತು, ಮೂಳೂರು, ಉಚ್ಚಿಲ, ಭಲೇ, ಸರಿಯಾಗಿ ಮಾಡಿದ್ದಾನೆ ಚೀನಾದವ, ಯಾರಾದರೂ ಬಾಗಿಲು ತಟ್ಟಬಾರದೇ, ಕರೆಂಟು ಹೋಗಬಾರದೇ, ಮತ್ತೆ ಇದು ನಮ್ಮ – ಬೆರಳು ಚಿನ್ನದ ಕಲ್ಲಿದ್ದಲ ರಾಶಿಯ ಮೇಲೆ, ಹಿಂದಕ್ಕೆ ಉಚ್ಚಿಲಕ್ಕೆ, ಮತ್ತೆ ತೆಂಕಕ್ಕೆ, ಅದೇ ರಾಶಿ, ಮತ್ತೆ ದೀಪಸ್ತಂಭದಿಂದ, ಕಾಪು, ಮೂಳೂರು, ಉಚ್ಚಿಲ, ರಾಶಿ, ಮಾವ ತಿರುಗಿ ನೋಡುವುದಿಲ್ಲ, ಒಮ್ಮೆ ಬೈಯಬಾರದೇ, ಕೆನ್ನೆಗೆ ಹೊಡೆಯಬಾರದೇ, ಬೆರಳು ಮಾತ್ರ ಆ ರಾಶಿಯನ್ನು ಉಜ್ಜುತ್ತಿದೆ, ದೋಣಿ ಎಳೆಯುವ ಜಾಗ ಅಡಿಯಲ್ಲಿ ಎಲ್ಲೋ ಉಂಟು ಎಂಬಂತೆ, ಚಿನ್ನ ಕಪ್ಪಾಗುತ್ತಿದೆ, ಉಜ್ಜುತ್ತಿದೆ, ಹೆಬ್ಬೆರಳು –